ಚೆಕ್‌ರೋಲಿನ ಮೂರನೆಯ ಸೋಮಿ

ಮಡಿಕೇರಿ
3 ನವೆಂಬರ್ 2025

ಶ್ರೀ ಕರಿಬಸಪ್ಪನವರಿಗೆ ನಮಸ್ಕಾರಗಳು.

ನನ್ನ ಹೆಸರು ವಿಭಾ. ಮಡಿಕೇರಿಯಲ್ಲಿ ವಕೀಲೆ. ಫೀಸು ಕೊಡಲಾಗದವರ ಕೇಸುಗಳನ್ನು ಕಾನೂನು ಸೇವಾ ಪ್ರಾಧಿಕಾರದ ಕಡೆಯಿಂದ ನಡೆಸುತ್ತೇನೆ. ನಿಮಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ತಮ್ಮ ಲಿಂಗಣ್ಣ ಎತ್ತಿಕೊಂಡು, "ಅಣ್ಣಂಗೆ ಫೋನಲ್ಲಿ ಮಾತಾಡಿದ್ರೆ ಕೇಳ್ಸಲ್ಲ ಕಣಮ್ಮಾ, ಕಾಗ್ದ ಬರೀರಿ, ಓದ್ತಾನೆ" ಎಂದು ಇಟ್ಟುಬಿಟ್ಟರು. ಅದಕ್ಕೇ ಈ ಕಾಗದ. ಕೈಬರಹ ಕೆಟ್ಟದಾಗಿದೆ, ಕ್ಷಮಿಸಿ.

ನೀವು ಸಿದ್ದಾಪುರದ ಹತ್ತಿರ ಸಂಪಿಗೆಕೊಲ್ಲಿ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದಿರಿ, 2023ರಲ್ಲಿ ನಿವೃತ್ತರಾಗಿ ಶನಿವಾರಸಂತೆಗೆ ಹೋದಿರಿ ಎಂದು ಕೇಳಿದೆ. ಹೋದ ತಿಂಗಳು ಆ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಪೊಲೀಸರು ಏಳು ಜನರನ್ನು ಬಿಡಿಸಿಕೊಂಡು ಬಂದಿದ್ದಾರೆ. ಆಳುಗಳನ್ನು ಕರೆತರುತ್ತಿದ್ದ ಏಜೆಂಟ್ ಧರ್ಮೇಂದ್ರನ ಮೇಲೆ ಮನುಷ್ಯರ ಕಳ್ಳಸಾಗಣೆಯ ಕೇಸಾಗಿದೆ. ಆ ಏಳು ಜನರಲ್ಲಿ ಒಬ್ಬ ಹುಡುಗಿಯ ಪರವಾಗಿ ನಾನಿದ್ದೇನೆ. ಅವಳ ಹೆಸರನ್ನು ಬರೆಯುವಂತಿಲ್ಲ. ಇಂಥ ಕೇಸಿನಲ್ಲಿ ಹೆಸರು, ಊರು, ಫೋಟೊ ಯಾವುದನ್ನೂ ಹೊರಗೆ ಬಿಡಬಾರದೆಂದು ಕಾನೂನೇ ಹೇಳುತ್ತದೆ.

ಪೊಲೀಸರು ತಂದ ಚೆಕ್‌ರೋಲ್ ಹಾಜರಿ ಪುಸ್ತಕಗಳ ನಕಲು ನನ್ನ ಮುಂದಿದೆ. ಒಂದು ವಾರದಿಂದ ನೋಡುತ್ತಿದ್ದೇನೆ, ತಲೆಬುಡ ಗೊತ್ತಾಗುತ್ತಿಲ್ಲ. ಬಿಡಿಸಿ ತಂದವರ ಒಂದೇ ಒಂದು ಹೆಸರು ಅದರಲ್ಲಿಲ್ಲ. ಅದರ ಬದಲು ಸೋಮಿ ಒಂದು, ಸೋಮಿ ಎರಡು, ಸೋಮಿ ಮೂರು ಎಂದಿದೆ. ಮಂಗಳ ಎಂಬ ಗಂಡಸರಿದ್ದಾರೆ. ಇದೇನು ಸ್ವಾಮಿ? ಅಕ್ಷರ ನಿಮ್ಮದೇ ಎಂದು ಎಲ್ಲರೂ ಹೇಳುತ್ತಾರೆ. ದಯವಿಟ್ಟು ತಿಳಿಸಿ ಹೇಳುತ್ತೀರಾ?

ಇತಿ,
ವಿಭಾ

ಶನಿವಾರಸಂತೆ
9–11–2025

ವಕೀಲರಾದ ವಿಭಾ ಅವರಿಗೆ, ಉಭಯ ಕುಶಲೋಪರಿ.

ತಮ್ಮ ಕಾಗದ ತಲುಪಿತು. ಕೈಬರಹ ಕೆಟ್ಟದಾಗಿದೆ ಎಂದು ತಾವೇ ಬರೆದಿರುವುದರಿಂದ ನಾನು ಹೇಳುವುದಿಲ್ಲ. ಲಿಂಗ ಹೇಳಿದ್ದು ಅರ್ಧ ನಿಜ. ಕಿವಿ ಚೆನ್ನಾಗಿಯೇ ಇದೆ. ಫೋನಿನಲ್ಲಿ ಜನ ಏನೋ ಕೇಳಿ, ನಾವು ಇನ್ನೇನೋ ಹೇಳಿ, ಆಮೇಲೆ ನೀವು ಹೀಗಂದಿರಿ ಎನ್ನುತ್ತಾರೆ. ಬರೆದದ್ದಾದರೆ ಹಾಗಾಗುವುದಿಲ್ಲ.

ಹೆಸರಿನ ವಿಷಯ ಕೇಳಿದ್ದೀರಿ. ಮೇಡಂ, ನೀವು ಕಾಫಿ ಕುಡಿದಿದ್ದೀರಿ, ಬೆಳಿಗ್ಗೆ ಏಳಕ್ಕೆ ಎಸ್ಟೇಟಿನ ಗೇಟಿನಲ್ಲಿ ನಿಂತಿಲ್ಲ. ನೂರ ಐವತ್ತು ಜನ ಚಳಿಯಲ್ಲಿ ನಡುಗುತ್ತಾ ನಿಂತಿರುತ್ತಾರೆ. ನಾನು ಹೆಸರು ಕೂಗಬೇಕು, ಅವರು "ಇದೀನಿ" ಅನ್ನಬೇಕು, ಏಳೂವರೆಗೆ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾಗಬೇಕು. ಮೊದಲೆಲ್ಲ ತಮಿಳಿನವರು, ಮಲಯಾಳದವರು, ನಮ್ಮ ಯರವರು ಇದ್ದರು. ಆ ಹೆಸರು ನಾಲಿಗೆಗೆ ಬರುತ್ತಿತ್ತು. ಹತ್ತು ವರ್ಷದಿಂದ ಈಚೆಗೆ ರೈಲಿನಲ್ಲಿ ನಾಲ್ಕು ದಿನದ ದಾರಿಯಿಂದ ಜನ ಬರತೊಡಗಿದರು. ಅವರ ಹೆಸರು ನಾನು ಒಂದು ಕೂಗಿದರೆ ಅವರಿಗೆ ಇನ್ನೊಂದು ಕೇಳುತ್ತಿತ್ತು. ಯಾರೂ "ಇದೀನಿ" ಅನ್ನುತ್ತಿರಲಿಲ್ಲ, ಗೈರುಹಾಜರಿ ಬೀಳುತ್ತಿತ್ತು. ಅದಕ್ಕೆ ನಾನೇ ಒಂದು ದಾರಿ ಮಾಡಿದೆ. ಸೋಮವಾರ ಬಂದ ಹೆಂಗಸರು ಸೋಮಿ. ಮಂಗಳವಾರ ಬಂದ ಗಂಡಸರು ಮಂಗಳ. ಬುಧವಾರ ಬಂದವರು ಬುಧ. ಒಬ್ಬರಿಗಿಂತ ಹೆಚ್ಚಿದ್ದರೆ ನಂಬರು. ಎರಡು ದಿನದಲ್ಲಿ ಅವರಿಗೂ ಅಭ್ಯಾಸವಾಗುತ್ತಿತ್ತು. ಪಕ್ಕದ ಎರಡು ಎಸ್ಟೇಟಿನ ರೈಟರುಗಳು ಬಂದು ನೋಡಿಕೊಂಡು ಹೋಗಿ ಅದನ್ನೇ ಮಾಡಿದರು ಎಂಬುದು ತಮ್ಮ ಗಮನಕ್ಕಿರಲಿ.

ಪುಸ್ತಕದಲ್ಲಿ ಬಲಗಡೆ ತುದಿಯಲ್ಲಿ ರಿಮಾರ್ಕ್ಸ್ ಕಾಲಂ ಇದೆ. ಅದನ್ನು ಬಹಳ ರೈಟರುಗಳು ಖಾಲಿ ಬಿಡುತ್ತಾರೆ. ನಾನು ಬಿಟ್ಟವನಲ್ಲ. ಯಾರಿಗೆ ಅರ್ಧ ದಿನ, ಯಾಕೆ, ಯಾರಿಗೆ ಜ್ವರ, ಯಾರ ಕಾಲಿಗೆ ಕತ್ತಿ ತಗುಲಿತು, ಆನೆ ಬಂದು ಯಾವ ಬ್ಲಾಕಿನ ಕೆಲಸ ನಿಂತಿತು, ಎಲ್ಲ ಬರೆದಿದೆ. ಇಪ್ಪತ್ತೆಂಟು ವರ್ಷದಲ್ಲಿ ಆ ಕಾಲಂನಲ್ಲಿ ಒಂದು ಸುಳ್ಳು ತೋರಿಸಿ, ನಾನು ನಡೆದುಕೊಂಡು ಮಡಿಕೇರಿಗೆ ಬರುತ್ತೇನೆ.

ಧರ್ಮೇಂದ್ರನ ವಿಷಯ ನನಗೆ ಹೆಚ್ಚು ತಿಳಿಯದು. ಜನ ತರುತ್ತಿದ್ದ, ಬಿಟ್ಟು ಹೋಗುತ್ತಿದ್ದ.

ಇತಿ,
ಕರಿಬಸಪ್ಪ, ನಿವೃತ್ತ ರೈಟರ್

ಮಡಿಕೇರಿ
14 ನವೆಂಬರ್ 2025

ಕರಿಬಸಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಾನು ಎರಡು ಸಲ ಓದಿದೆ, ನಮ್ಮಮ್ಮ ಕಾವೇರಮ್ಮ ಒಂದು ಸಲ ಓದಿದರು. "ಇವ್ರ ಅಕ್ಷರ ನೋಡಿ ಕಲ್ತ್ಕೋ" ಎಂದರು. ಒಂದು ವಾರ ಒದ್ದಾಡಿದ ಪುಸ್ತಕ ಒಂದು ಸಂಜೆಯಲ್ಲಿ ಬಾಯಿ ಬಿಟ್ಟಿತು. ಬಿಡಿಸಿ ತಂದ ಏಳು ಜನರೂ ಸಿಕ್ಕಿದರು. ನನ್ನ ಹುಡುಗಿ ಸೋಮಿ ಮೂರು, ಗೇಟಿನಲ್ಲಿ ಹಾಗೇ ಕೂಗುತ್ತಿದ್ದರೆಂದು ಅವಳೂ ಹೇಳಿದಳು. ಅವಳು ಬಂದದ್ದು 2020ರ ನವೆಂಬರ್ 16. ಕ್ಯಾಲೆಂಡರ್ ತೆಗೆದು ನೋಡಿದೆ, ಸೋಮವಾರವೇ! ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಈಗ ನಿಮ್ಮ ರಿಮಾರ್ಕ್ಸ್ ಕಾಲಂನ ಹುಚ್ಚು ಹಿಡಿದಿದೆ. "ಬ್ಲಾಕ್ ಎಂಟರಲ್ಲಿ ಹೆಜ್ಜೇನು, ಎಲ್ಲರೂ ಓಡಿದ ಕಾರಣ ಒಂದು ಗಂಟೆ ಇಲ್ಲ" ಎಂದು ಬರೆದಿದ್ದೀರಿ. "ರಂಗಮ್ಮ ಮತ್ತು ಸೋಮಿ ಎರಡು ಜಗಳ, ತಪ್ಪು ಇಬ್ಬರದೂ" ಎಂದಿದೆ. ಆದರೆ ಒಂದು ಕಡೆ ನಿಂತುಬಿಟ್ಟೆ. 2021ರ ಜನವರಿ 21, ಸೋಮಿ ಮೂರು: "ಹಲ್ಲು ಬಿದ್ದ ಕಾರಣ ಅರ್ಧ ದಿನ."

ಹಲ್ಲು ಬೀಳುವುದೆಂದರೆ ಸುಮ್ಮನೆಯೇ? ಯಾರೋ ಹೊಡೆದಿರಬೇಕು. ಧರ್ಮೇಂದ್ರನೋ ಮೇಸ್ತ್ರಿಯೋ? ಒಬ್ಬರನ್ನು ದೂರದಿಂದ ಮೋಸಮಾಡಿ ತಂದು, ಬೆದರಿಸಿ ದುಡಿಸಿದರೆ, ಅವರು ಒಪ್ಪಿ ಬಂದರೇ ಎಂದು ಕಾನೂನು ಕೇಳುವುದೇ ಇಲ್ಲ. ಒಪ್ಪಿದ್ದರೂ ಅಪರಾಧ ಅಪರಾಧವೇ. ಆದರೆ ಬೆದರಿಸಿದ್ದನ್ನು ತೋರಿಸಬೇಕು. ಏಟು ಬಿದ್ದದ್ದು ಬರಹದಲ್ಲಿದ್ದರೆ ನಮಗೆ ದೊಡ್ಡ ಬಲ. ಆವತ್ತು ಏನಾಯಿತು?

ಇತಿ,
ವಿಭಾ

ಶನಿವಾರಸಂತೆ
22–11–2025

ವಿಭಾ ಅವರಿಗೆ.

ನೀವು ಊಹಿಸಿದಂತೆ ಯಾರೂ ಹೊಡೆದದ್ದಲ್ಲ. ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದಿದ್ದಳು ಎಂದು ನೆನಪು. ಐದು ವರ್ಷದ ಹಿಂದಿನದು, ಸರಿಯಾಗಿ ಹೇಳಲಾರೆ.

ಇಲ್ಲಿ ಈ ವಾರ ಸಂತೆಯಲ್ಲಿ ಶುಂಠಿ ಬಹಳ ಬಂದಿತ್ತು. ಲಿಂಗನ ಮಂಡಿ ನೋವು ಹಾಗೇ ಇದೆ. ಪುಸ್ತಕದಲ್ಲಿ ಹೆಸರಿನ ವಿಷಯ ತಮಗೆ ತಿಳಿಯಿತಲ್ಲ, ಅಷ್ಟು ಸಾಕೆಂದು ಭಾವಿಸುತ್ತೇನೆ.

ಕರಿಬಸಪ್ಪ

ಮಡಿಕೇರಿ
26 ನವೆಂಬರ್ 2025

ಕರಿಬಸಪ್ಪನವರೇ,

ನಿಮ್ಮ ಕಾಗದ ಬಂದ ದಿನವೇ ಹುಡುಗಿಯರ ಬಾಲಮಂದಿರಕ್ಕೆ ಹೋಗಿದ್ದೆ. ಅವಳನ್ನು ಸದ್ಯ ಅಲ್ಲಿಟ್ಟಿದ್ದಾರೆ. "ಜಾರಿ ಬಿದ್ದು ಹಲ್ಲು ಹೋಯ್ತಂತೆ, ಯಾವುದು ತೋರ್ಸು" ಎಂದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಅಗಲವಾಗಿ ಬಾಯಿ ತೆರೆದಳು. ನಾನು ಎಣಿಸಿದೆ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಒಂದೂ ಹೋಗಿಲ್ಲ! ಬಿದ್ದ ಹಲ್ಲು ಎಲ್ಲಿಂದ ಬಿತ್ತು ಹಾಗಾದರೆ?

ಅಲ್ಲೇ ಬೆಂಚಿನ ಮೇಲೆ ಪೆದ್ದಿಯಂತೆ ಕೂತಿದ್ದೆ. ಅವಳೇ ಹೇಳಿದಳು. "ಅಕ್ಕಾ, ಅದು ಸಣ್ಣೋರ ಹಲ್ಲು. ಈ ಕೋರೆ ಇದ್ಯಲ್ಲ, ಇದ್ರ ಮುಂಚಿಂದು. ನಮ್ಮ ಕಡೆ ಇಲಿ ಬಿಲಕ್ಕೆ ಹಾಕ್ತಾರೆ, ಇಲಿ ಒಳ್ಳೆ ಹಲ್ಲು ಕೊಡತ್ತೆ. ರಂಗಮ್ಮಕ್ಕ ಬೇಡ ಅಂದ್ರು, ಸಗಣಿ ಉಂಡೆ ಮಾಡಿ ಹೆಂಚಿನ ಮೇಲೆ ಹಾಕು ಅಂದ್ರು. ನಂಗೆ ಅಳು ಬಂತು. ರೈಟರ್ ಸಾರ್‌ಗೆ ಎಲ್ಲಾ ಗೊತ್ತು, ಅವ್ರನ್ನೇ ಕೇಳಿ."

ನನ್ನ ಅಣ್ಣನ ಮಗಳು ಆಶ್ರಿತಾಗೆ ಹನ್ನೊಂದು ವರ್ಷ. ಮನೆಗೆ ಬಂದವಳೇ ಅವಳ ಬಾಯಿ ತೆಗೆಸಿ ನೋಡಿದೆ. ಅವಳ ಮೇಲಿನ ಕೋರೆ ಈಗ ಅಲ್ಲಾಡುತ್ತಿದೆ. ಮರುದಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಹತ್ತರಿಂದ ಹನ್ನೆರಡರೊಳಗೆ ಆ ಹಲ್ಲು ಬೀಳುತ್ತದೆ, ಹದಿನೆಂಟು ವರ್ಷದವರಿಗೆ ಬೀಳುವ ಮಾತೇ ಇಲ್ಲ ಎಂದರು. ನಿಮ್ಮ ಪುಸ್ತಕದಲ್ಲಿ ಅದೇ ಸಾಲಿನಲ್ಲಿ, ವಯಸ್ಸಿನ ಕಾಲಂನಲ್ಲಿ, ಹದಿನೆಂಟು ಎಂದಿದೆ.

ಇದು ಯಾಕೆ ಇಷ್ಟು ಮುಖ್ಯ ಎಂದು ಹೇಳುತ್ತೇನೆ. ಧರ್ಮೇಂದ್ರ ಜಾಮೀನಿನ ಮೇಲೆ ಹೊರಗಿದ್ದಾನೆ. ಅವನ ಕಡೆಯವನೊಬ್ಬ, ತಾನು ಹುಡುಗಿಯ ಮಾವ ಎಂದು ಅರ್ಜಿ ಹಾಕಿದ್ದಾನೆ. ಹುಡುಗಿಗೆ ಇಪ್ಪತ್ಮೂರು, ಅವಳನ್ನು ಬಾಲಮಂದಿರದಲ್ಲಿ ಹಿಡಿದಿಡುವ ಹಕ್ಕು ಯಾರಿಗೂ ಇಲ್ಲ, ಬಿಡಿ ಎಂದು ಕೇಳಿದ್ದಾನೆ. ಅವಳ ಆಧಾರ್ ಕಾರ್ಡಿನಲ್ಲೂ ಇಪ್ಪತ್ಮೂರೇ ಇದೆ. ಅದನ್ನು ಮಾಡಿಸಿದ್ದು ಧರ್ಮೇಂದ್ರನೇ. ಶಾಲೆಯ ದಾಖಲೆ ಇಲ್ಲ, ಅವಳ ಊರಿನಲ್ಲಿ ಹುಟ್ಟಿದ ದಾಖಲೆ ಸಿಕ್ಕಿಲ್ಲ. ಎಲುಬಿನ ಪರೀಕ್ಷೆ ಮಾಡಿಸಿದರೆ "ಹದಿನೇಳರಿಂದ ಹತ್ತೊಂಬತ್ತು" ಎಂದು ಬಂದಿದೆ, ಆ ಕಡೆಗೂ ಎಳೆಯಬಹುದು, ಈ ಕಡೆಗೂ ಎಳೆಯಬಹುದು. ದೊಡ್ಡವಳೆಂದು ತೀರ್ಮಾನವಾದರೆ ಗೇಟು ತೆರೆಯಬೇಕಾಗುತ್ತದೆ. ಗೇಟಿನ ಹೊರಗೆ ಆ ಮಾವ ಜೀಪಿಟ್ಟುಕೊಂಡು ನಿಂತಿರುತ್ತಾನೆ. ಅವನ ಹೆಸರು ಎತ್ತಿದರೆ ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ನಾನೇ ನೋಡಿದ್ದೇನೆ.

ಡಿಸೆಂಬರ್ 18ಕ್ಕೆ ವಿಚಾರಣೆ. "ಹಲ್ಲು ಬಿದ್ದ ಕಾರಣ" ಎಂಬ ಮೂರೇ ಪದ ಇದ್ದರೆ ಸಾಲದು. ಹುಳುಕು ಹಲ್ಲೆಂದೋ ಏಟು ಬಿದ್ದ ಹಲ್ಲೆಂದೋ ಅವರ ವಕೀಲರು ಅಂದೇ ಅನ್ನುತ್ತಾರೆ. ನಾನೇ ಹಾಗೆ ಅಂದುಕೊಂಡಿದ್ದೆನಲ್ಲ. ಕಂಡವರು ಬಂದು ಹೇಳಬೇಕು. ರಂಗಮ್ಮ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಾರೆ. ಉಳಿದವರು ನೀವೊಬ್ಬರೇ.

ನಿಮ್ಮ ಕಾಲಂನಲ್ಲಿ ಸುಳ್ಳಿಲ್ಲ ಎಂದಿರಿ. ನಿಜವೇ, ಸುಳ್ಳಿಲ್ಲ. ನನಗೆ ಬರೆದ ಕಾಗದದಲ್ಲಿದೆ.

ವಿಭಾ

ಮಡಿಕೇರಿ
9 ಡಿಸೆಂಬರ್ 2025

ಕರಿಬಸಪ್ಪನವರಿಗೆ,

ಹದಿಮೂರು ದಿನವಾಯಿತು, ನಿಮ್ಮಿಂದ ಉತ್ತರವಿಲ್ಲ. ದಿನವೂ ಅಂಚೆಯವನನ್ನು ಕೇಳುತ್ತೇನೆ. ಹೋದ ಕಾಗದದ ಕೊನೆಯಲ್ಲಿ ಹಾಗೆ ಚುಚ್ಚಬಾರದಿತ್ತು. ನೀವು ನನ್ನ ತಂದೆಗಿಂತ ದೊಡ್ಡವರು.

ಆದರೆ ನನ್ನದೂ ಒಂದು ಮುಚ್ಚುಮರೆಯಿದೆ, ಅದನ್ನು ಹೇಳದೆ ಇನ್ನೊಂದು ಕಾಗದ ಬರೆಯಲಾರೆ. ನೀವು ಬಂದು ಸಾಕ್ಷಿ ಹೇಳಿದರೆ ಅವರ ವಕೀಲರು ಕೇಳುವ ಮೊದಲ ಪ್ರಶ್ನೆ, ಹದಿನೆಂಟು ಎಂದು ಬರೆದವರು ಯಾರು ಎಂಬುದು. ಮಗು ಎಂದು ಗೊತ್ತಿದ್ದೂ ದೊಡ್ಡವಳೆಂದು ಬರೆದವರನ್ನು ಪೊಲೀಸರು ಸುಮ್ಮನೆ ಬಿಡಬೇಕಾಗಿಲ್ಲ. ಹದಿನೆಂಟಾಗದವರನ್ನು ಸಾಗಿಸಿದ್ದೆಂದು ಸಾಬೀತಾದರೆ ಕನಿಷ್ಠ ಹತ್ತು ವರ್ಷ ಶಿಕ್ಷೆ, ಜೀವಾವಧಿಯೂ ಆಗಬಹುದು. ಅದಕ್ಕೆ ನೆರವಾದವರೆಂದು ನಿಮ್ಮನ್ನೂ ಸೇರಿಸಬಹುದು. ಇದು ನನಗೆ ಹೋದ ಕಾಗದ ಬರೆಯುವಾಗಲೇ ಗೊತ್ತಿತ್ತು. ಹೇಳಿದರೆ ನೀವು ಬರೆಯುವುದೇ ಇಲ್ಲವೆಂದು ಹೇಳಲಿಲ್ಲ.

ನಾನು ಆ ಹುಡುಗಿಯ ವಕೀಲೆ, ನಿಮ್ಮವಳಲ್ಲ. ಬೇರೆ ಯಾರಾದರೂ ವಕೀಲರನ್ನು ಕಂಡು ಕೇಳಿ, ಆಮೇಲೆ ನಿರ್ಧಾರ ಮಾಡಿ. ಸೋಮವಾರಪೇಟೆಯಲ್ಲಿ ವಿಷ್ಣುಪ್ರಸಾದ್ ಎಂಬುವರಿದ್ದಾರೆ, ಒಳ್ಳೆಯವರು. ಬರುವುದಿಲ್ಲ ಎಂದರೂ ಒಂದು ಸಾಲು ಬರೆಯಿರಿ.

ವಿಭಾ

ಶನಿವಾರಸಂತೆ
13–12–2025

ವಿಭಾ ಅಮ್ಮನವರಿಗೆ.

ನಿಮ್ಮ ಎರಡೂ ಕಾಗದ ಬಂದಿವೆ. ಹಿಂದಿನದನ್ನು ಓದಿ ಸಿಟ್ಟು ಬಂದು ಒಲೆಗೆ ಹಾಕಬೇಕೆಂದು ಎದ್ದೆ. ಹಾಕಲಿಲ್ಲ. ಇಷ್ಟು ವಯಸ್ಸಿಗೆ ನನ್ನನ್ನು ಸುಳ್ಳುಗಾರ ಎಂದವರು ನೀವೇ ಮೊದಲು.

ಈಗಿನದನ್ನು ಲಿಂಗನಿಗೆ ಓದಿ ಹೇಳಿದೆ. ಅವನು ಊಟದ ತಟ್ಟೆ ಬಿಟ್ಟು ಎದ್ದ. "ನಿಂಗೇನ್ ಹುಚ್ಚಾ ಅಣ್ಣಾ? ಎಸ್ಟೇಟ್ ಧಣಿ ಆರಾಮಾಗಿ ಮನೇಲಿದಾರೆ, ಆ ಧರ್ಮೇಂದ್ರ ಊರ್ ತುಂಬಾ ಓಡಾಡ್ಕೊಂಡವ್ನೆ, ನೀನ್ ಹೋಗಿ ಕಟಕಟೆ ಹತ್ತುತ್ತೀಯಾ? ಅರವತ್ಮೂರಕ್ಕೆ ಜೈಲೂಟ ಬೇಕಾ ನಿಂಗೆ?" ಎಂದ. ಆ ರಾತ್ರಿ ಊಟ ಮಾಡದೆಯೇ ಮಲಗಿದ.

ಆವತ್ತು ಆದದ್ದನ್ನು ಬರೆಯುತ್ತೇನೆ. ಅದು ಕೊರೊನಾದ ವರ್ಷ. ಊರಿಗೆ ಹೋದ ಆಳು ವಾಪಸ್ ಬಂದಿರಲಿಲ್ಲ. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಧಣಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಬೈಯುತ್ತಿದ್ದರು. ಆ ಹೊತ್ತಿಗೆ ಧರ್ಮೇಂದ್ರ ಹದಿನಾರು ಜನರನ್ನು ತಂದು ಗೇಟಿನಲ್ಲಿ ಇಳಿಸಿದ. ಕೊನೆಯಲ್ಲಿ ಇಳಿದವಳು ಇವಳು. ದೊಡ್ಡವರ ರವಿಕೆ ಹಾಕಿದ್ದರು, ತೋಳು ಮೊಣಕೈ ದಾಟಿ ಇಳಿದಿತ್ತು. ಇದು ಎಷ್ಟು ವರ್ಷದ್ದಯ್ಯಾ ಎಂದೆ. "ಹದಿನೆಂಟು ಬರ್ಕೊಳಿ ರೈಟ್ರೇ, ಅವ್ರ ಕಡೆ ಜನ ಕುಳ್ಳು" ಎಂದ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಬರೆದುಕೊಂಡೆ. ವಯಸ್ಸಿನ ಕಾಲಂ ತುಂಬದಿದ್ದರೆ ಪುಸ್ತಕ ಮುಂದೆ ಹೋಗುವುದಿಲ್ಲ. ಹದಿನೆಂಟಕ್ಕೆ ಕಡಿಮೆ ಬರೆದರೆ ಆಫೀಸಿನಿಂದ ವಾಪಸ್ ಬರುತ್ತದೆ.

ಜನವರಿ 21ರಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಕಣದ ಹಿಂದೆ ಅಳು ಕೇಳಿಸಿತು. ಮೇಸ್ತ್ರಿ ಕಿರುಚುತ್ತಿದ್ದ. ಇವಳು ಗೋಡೆಯ ಬುಡದಲ್ಲಿ ಕೂತು ಏನನ್ನೋ ಹುಡುಕುತ್ತಿದ್ದಳು, ಒಂದು ಕೈ ಮುಚ್ಚಿಕೊಂಡಿದ್ದಳು. ರಂಗಮ್ಮ ಪಕ್ಕದಲ್ಲಿ ಸಗಣಿ ಉಂಡೆ ಹಿಡಿದು ನಿಂತಿದ್ದಳು. "ನೋಡ್ರೀ ರೈಟ್ರೇ, ಗರಿಕೆ ಸೈತ ತಂದಿವ್ನಿ, ಹೆಂಚಿನ್ ಮ್ಯಾಲ್ ಎಸಿ ಅಂದ್ರೆ ಒಲ್ಲೆ ಅಂತದೆ, ಇಲಿ ಬೇಕಂತೆ ಇಲಿ!" ಎಂದಳು. ಕೈ ಬಿಡಿಸಿ ನೋಡಿದೆ. ಅಕ್ಕಿಕಾಳಿನಷ್ಟು ಹಲ್ಲು. ಬಾಯಿ ತೆರೆ ಎಂದೆ. ಬಿದ್ದ ಜಾಗದಲ್ಲಿ ಹೊಸ ಹಲ್ಲಿನ ತುದಿ ಕಾಣುತ್ತಿತ್ತು. ಅದನ್ನು ಕಂಡಿದ್ದೇನೆ. ಎಲ್ಲಿ ಬೇಕಾದರೂ ಹೇಳಬಲ್ಲೆ.

ಗೋಡೌನಿನ ಮೂಲೆಯಲ್ಲಿ ಇಲಿಯ ಬಿಲ ಇರುವುದು ನನಗೆ ಗೊತ್ತಿತ್ತು. ಕರೆದುಕೊಂಡು ಹೋಗಿ ತೋರಿಸಿದೆ. ಅವಳ ಭಾಷೆಯಲ್ಲಿ ಏನೋ ಹೇಳಿ ಒಳಗೆ ಹಾಕಿದಳು. ಆಮೇಲೆ ನನ್ನ ಕಡೆ ನೋಡಿ ನಕ್ಕಳು. ಹೋಗು, ಇವತ್ತು ಮಲಗು ಎಂದು ಲೈನಿಗೆ ಕಳಿಸಿದೆ. ಅರ್ಧ ದಿನ ಕೊಟ್ಟಮೇಲೆ ಕಾರಣ ಬರೆಯಬೇಕು. ಜ್ವರ ಎಂದು ಬರೆದಿದ್ದರೆ ಆಗುತ್ತಿತ್ತು. ಜ್ವರ ಇರಲಿಲ್ಲವಲ್ಲ, ಕೈ ಬರಲಿಲ್ಲ. ಅದೇ ಸಾಲಿನಲ್ಲಿ ಹದಿನೆಂಟು ಇದೆಯೆಂದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಸೋಮವಾರಪೇಟೆಗೆ ಹೋಗಿ ನೀವು ಹೇಳಿದ ವಕೀಲರನ್ನು ಕಂಡೆ. ಅವರು ಎಲ್ಲ ಕೇಳಿ, "ನನ್ನ ಕೇಳಿದ್ರೆ ಹೋಗ್ಬೇಡಿ ಅಂತೀನಿ, ಅದು ನನ್ನ ಕೆಲಸ" ಎಂದರು. ಕಾಫಿ ಕುಡಿಸಿ ಕಳಿಸಿದರು.

18ಕ್ಕೆ ಬರುತ್ತೇನೆಯೇ ಎಂದು ಈಗ ಹೇಳಲಾರೆ. ಹೆದರಿಕೆಯಾಗುತ್ತದೆ. ಸುಮ್ಮನೆ ದೊಡ್ಡ ಮಾತಾಡಿ ಏನು ಪ್ರಯೋಜನ.

ಕರಿಬಸಪ್ಪ

ಮಡಿಕೇರಿ
20 ಡಿಸೆಂಬರ್ 2025

ಕರಿಬಸಪ್ಪನವರಿಗೆ ನಮಸ್ಕಾರಗಳು.

ಮೊನ್ನೆ ಕೋರ್ಟಿನಲ್ಲಿ ನಾನು ತಿರುಗಿ ನೋಡುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಬಸ್ ಸ್ಟ್ಯಾಂಡಿನವರೆಗೆ ಕಪ್ಪು ಕೋಟು ಹಾಕಿಕೊಂಡೇ ಓಡಿದೆ. ಶನಿವಾರಸಂತೆಯ ಬಸ್ಸು ಆಗಲೇ ಹೊರಟಿತ್ತು. ಬೆಳಿಗ್ಗೆ ನಿಮ್ಮನ್ನು ಬಾಗಿಲಲ್ಲಿ ಕಂಡಾಗ ಮೊದಲು ನೀವೆಂದು ಹೊಳೆಯಲೇ ಇಲ್ಲ. ಅಷ್ಟು ದೊಡ್ಡ ಅಕ್ಷರದವರು ಇಷ್ಟು ಸಣ್ಣಗಿರುತ್ತಾರೆಂದು ಎಣಿಸಿರಲಿಲ್ಲ. ಲಿಂಗಣ್ಣನೂ ಜೊತೆಗೆ ಬಂದು ಕೊನೆಯ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದರು.

ಅವರ ವಕೀಲರು, "ಹದಿನೆಂಟು ಅಂತ ಬರೆದೋರು ನೀವೇ ತಾನೇ? ಆಗ ಸುಳ್ಳು ಬರೆದ್ರಾ, ಇಲ್ಲ ಈಗ ಸುಳ್ಳು ಹೇಳ್ತಿದೀರಾ?" ಎಂದು ಕೇಳಿದರು. ನೀವು ಕನ್ನಡಕ ತೆಗೆದು ಒರೆಸಿಕೊಂಡು, "ವಯಸ್ಸು ಅವ್ರು ಹೇಳ್ದಂಗೆ ಬರ್ದೆ ಸ್ವಾಮಿ. ರಿಮಾರ್ಕ್ಸು ನಾನ್ ಕಂಡಂಗೆ ಬರ್ದೆ. ಮೊದಲ್ನೇದು ನನ್ ತಪ್ಪು" ಎಂದಿರಿ. ಜಡ್ಜಮ್ಮ ಬರೆದುಕೊಳ್ಳುತ್ತಿದ್ದ ಪೆನ್ನು ನಿಲ್ಲಿಸಿ ನಿಮ್ಮನ್ನೇ ನೋಡಿದರು.

ಆದೇಶ ನಿನ್ನೆ ಬಂತು. ಹುಡುಗಿಗೆ ಹದಿನೆಂಟು ತುಂಬಿಲ್ಲ. ಮಾವನ ಅರ್ಜಿ ವಜಾ. ಅವನು ನಿಜಕ್ಕೂ ಮಾವನೇ ಎಂದು ತನಿಖೆ ಮಾಡಬೇಕೆಂದೂ ಹೇಳಿದ್ದಾರೆ. ಅವಳ ಸ್ವಂತ ಮನೆ ಹುಡುಕಿ, ಅಲ್ಲಿಗೆ ಕಳಿಸುವುದು ಸುರಕ್ಷಿತವೇ ಎಂದು ತಿಳಿದ ಮೇಲೆಯೇ ಕಳಿಸಬೇಕು, ಅಲ್ಲಿಯವರೆಗೆ ಬಾಲಮಂದಿರ. ಧರ್ಮೇಂದ್ರನ ಮೇಲೆ ಈಗ ದೊಡ್ಡ ಕಲಂ ಬಿದ್ದಿದೆ, ಜಾಮೀನು ರದ್ದು ಮಾಡಲು ಸರ್ಕಾರಿ ವಕೀಲರು ಅರ್ಜಿ ಹಾಕಿದ್ದಾರೆ. ಪೊಲೀಸರು ನಿಮ್ಮನ್ನು ಕರೆಯುತ್ತಾರೆ, ಅದು ಖಂಡಿತ. ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಇನ್ನೂ ಗೊತ್ತಿಲ್ಲ. ವಿಷ್ಣುಪ್ರಸಾದ್ ಅವರು ಜೊತೆಗಿರುತ್ತೇನೆ ಎಂದಿದ್ದಾರೆ.

ಹುಡುಗಿಗೆ ಎಲ್ಲ ಹೇಳಿದೆ. ನೀವು ಬಂದಿದ್ದಿರಿ ಎಂದೂ ಹೇಳಿದೆ. ರೈಟರ್ ಸಾರ್‌ಗೆ ಏನಾದರೂ ಹೇಳುವುದಿದೆಯೇ ಎಂದೆ. ಒಂದು ವಿಷಯ ಕೇಳಿ ಎಂದಳು. ಅವಳ ಮಾತನ್ನು ಹಾಗೇ ಬರೆಯುತ್ತಿದ್ದೇನೆ.

"ಪಿಕಿಂಗ್ ಮುಗಿದ ಮೇಲೆ ನಾನು ಸಾರನ್ನ ಕೇಳಿದ್ದೆ, ಟ್ರೈನ್ ಎಲ್ಲಿ ನಿಲ್ಲತ್ತೆ ಅಂತ. ಈ ಜಿಲ್ಲೇಲೇ ಟ್ರೈನ್ ಇಲ್ಲ ಮಗಾ, ಮೈಸೂರಿಗೆ ಹೋಗ್ಬೇಕು ಅಂದ್ರು. ಬಸ್ಸು ಎಲ್ಲಿ ಅಂತ ಕೇಳ್ದೆ, ಹೇಳಿದ್ರು. ಬೇರೆ ಯಾರ ಹತ್ರಾನೂ ಹೇಳಿಲ್ಲ. ಮಾರನೇ ದಿನದಿಂದ ನಮ್ಮ ಲೈನ್ ಮನೆಗೆ ಹೊರಗಡೆಯಿಂದ ಚಿಲಕ ಹಾಕಿದ್ರು. ಇವ್ಳು ಓಡಿಹೋಗ್ತಾಳೆ ಅಂತ ಧರ್ಮೇಂದ್ರಂಗೆ ಹೇಗೆ ಗೊತ್ತಾಯ್ತು? ಐದು ವರ್ಷ ಯೋಚ್ನೆ ಮಾಡಿದೀನಿ. ಸಾರ್‌ಗೆ ಗೊತ್ತಿರಬಹುದು, ಕೇಳಿ."

ನಾನು ಇದಕ್ಕೆ ಏನನ್ನೂ ಸೇರಿಸುವುದಿಲ್ಲ. ನೀವು ಬರೆದರೆ ಅವಳಿಗೆ ಮುಟ್ಟಿಸುತ್ತೇನೆ. ಕನ್ನಡ ಓದುವುದನ್ನು ಕಲಿಯುತ್ತಿದ್ದಾಳೆ.

ವಿಭಾ

ಶನಿವಾರಸಂತೆ
27–12–2025

ಮಗೂ,

ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಓದಲು ಕಷ್ಟವಾದರೆ ವಿಭಾ ಅಮ್ಮನವರನ್ನು ಕೇಳು.

ನೀನು ಕೇಳಿದ್ದಕ್ಕೆ ಉತ್ತರ: ನಾನೇ ಹೇಳಿದೆ.

ಮೂರು ಸಲ ಬೇರೆ ಉತ್ತರ ಬರೆದು ಹರಿದು ಹಾಕಿದೆ. ಮೇಸ್ತ್ರಿ ಕೇಳಿಸಿಕೊಂಡಿರಬಹುದು ಎಂದು ಒಂದರಲ್ಲಿ ಬರೆದಿದ್ದೆ. ಯಾರೂ ಕೇಳಿಸಿಕೊಂಡಿರಲಿಲ್ಲ. ನಾವಿಬ್ಬರೇ ಇದ್ದೆವು, ನೀನು ಪುಸ್ತಕದ ಮೇಜಿನ ಆಚೆ ನಿಂತಿದ್ದೆ. ನೀನು ಹೋದ ಮೇಲೆ ನನಗೆ ಭಯವಾಯಿತು. ನೀನು ಬಸ್ಸು ಹತ್ತಿ, ದಾರಿಯಲ್ಲಿ ಯಾರಾದರೂ ಹಿಡಿದು, ಇಷ್ಟು ಚಿಕ್ಕವಳು ಎಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಕೇಳಿದರೆ ಪುಸ್ತಕ ಹೊರಗೆ ಬರುತ್ತದೆ, ಪುಸ್ತಕದಲ್ಲಿ ನನ್ನ ಅಕ್ಷರ. ನನಗೆ ನಿವೃತ್ತಿಗೆ ಎರಡು ವರ್ಷವಿತ್ತು. ಸಂಜೆ ಧರ್ಮೇಂದ್ರ ಬಂದಾಗ, ಆ ಸಣ್ಣದು ಬಸ್ಸು ಕೇಳುತ್ತಿದೆ, ನೋಡಿಕೋ ಎಂದೆ. ಅಷ್ಟೇ ಹೇಳಿದ್ದು. ಅಷ್ಟು ಸಾಕಾಯಿತು. ಮಾರನೆಯ ದಿನ ಚಿಲಕ ಕಂಡೆ. ಎರಡು ವರ್ಷ ದಿನವೂ ಅದರ ಮುಂದೆಯೇ ಓಡಾಡಿದೆ.

ಕೋರ್ಟಿನಲ್ಲಿ ಇದನ್ನು ಯಾರೂ ಕೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಬಂದೆ. ಎಲ್ಲರೂ ನನ್ನನ್ನು ಒಳ್ಳೆಯವನೆಂದು ನೋಡುತ್ತಿದ್ದರು, ಅದಕ್ಕೇ ಬೇಗ ಹೊರಟುಬಿಟ್ಟೆ. ಬಸ್ಸಿನಲ್ಲಿ ಲಿಂಗ ಬೆನ್ನು ತಟ್ಟಿದ. ನನಗೆ ತಡೆಯಲಾಗಲಿಲ್ಲ ಮಗೂ, ಅತ್ತುಬಿಟ್ಟೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಐದು ವರ್ಷ ಯೋಚನೆ ಮಾಡಿದೆಯಂತೆ. ಇನ್ನು ಅದನ್ನು ಯೋಚಿಸಬೇಕಾಗಿಲ್ಲ.

ಈ ಕಾಗದದ ಮೇಲೆ ನಿನಗೇ ಅಧಿಕಾರ. ವಿಭಾ ಅಮ್ಮನವರ ಕೈಗೆ ಕೊಟ್ಟರೆ ಅವರು ಕೋರ್ಟಿಗೆ ಕೊಡುತ್ತಾರೆ, ಆಗ ನಾನೂ ಧರ್ಮೇಂದ್ರನ ಪಕ್ಕ ನಿಲ್ಲಬೇಕಾಗುತ್ತದೆ. ಕೊಡಬಾರದು ಅನಿಸಿದರೆ ನಿನ್ನ ಹತ್ತಿರವೇ ಇಟ್ಟುಕೋ. ಯಾವುದು ಮಾಡಿದರೂ ಸರಿ. ಕೊಡುವುದಾದರೆ ಅವರಿಗೆ ಅನುಕೂಲವಾಗಲೆಂದು ಕೆಳಗೆ ಪೂರ್ತಿ ಹೆಸರು, ವಿಳಾಸ ಬರೆದು ಸಹಿ ಮಾಡಿದ್ದೇನೆ.

ಹೆಚ್. ಎನ್. ಕರಿಬಸಪ್ಪ
ಸಂಪಿಗೆಕೊಲ್ಲಿ ಎಸ್ಟೇಟಿನ ಹಿಂದಿನ ರೈಟರ್
ತಮ್ಮ ಲಿಂಗಪ್ಪನ ಮನೆ, ಸಂತೆಮಾಳದ ಹಿಂಭಾಗ, ಶನಿವಾರಸಂತೆ